ಮುನ್ನುಡಿಯಲ್ಲಿಲ್ಲದ ಹೆಸರು

“ಬುದ್ಧಿ, ಮಾಡಿದ ಕೆಲಸಕ್ಕೆ ಒಂದು ಒಳ್ಳೆಯ ಮಾತನ್ನು ಬಯಸುವುದು ತಪ್ಪೇ?” ಎಂದು ಮರಿಸಿದ್ಧಯ್ಯ ಹಿರಿಯ ಸ್ವಾಮಿಗಳನ್ನು ಕೇಳಿದ.

ಮಠದ ಪಾಠಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಹೇಳಿದವನು ಅವನು. ಓಲೆಗರಿಗಳ ಧೂಳು ಒರೆಸಿ, ಓದಿ, ಪಟ್ಟಿ ಮಾಡಿದವನೂ ಅವನೇ. ಜ್ವರ ಬಂದ ವಿದ್ಯಾರ್ಥಿಗೆ ಗಂಜಿ ಕಾಯಿಸಿ ಕುಡಿಸಿದವನೂ ಅವನೇ. ಹಿಂದಿನ ದಿನ ಪಾಠಶಾಲೆಯ ವಾರ್ಷಿಕ ಸಭೆ ನಡೆದಿತ್ತು. ಸ್ವಾಮಿಗಳು ವೇದಿಕೆಯಿಂದ ಎಲ್ಲರನ್ನೂ ನೆನೆದರು, ಶಾಮಿಯಾನ ಹಾಕಿದವರನ್ನೂ ಬಿಡಲಿಲ್ಲ. ಮರಿಸಿದ್ಧಯ್ಯನ ಹೆಸರು ಮಾತ್ರ ಬರಲಿಲ್ಲ. ಅವನು ಬಟ್ಟೆಬರೆ ಕಟ್ಟಿಟ್ಟು, ಇನ್ನು ಊರಿಗೆ ಹೋಗುತ್ತೇನೆ ಎಂದು ಹೇಳಲು ಬಂದಿದ್ದ. ಆದರೆ ಮೊದಲು ಬಾಯಿಂದ ಜಾರಿದ್ದು ಈ ಪ್ರಶ್ನೆ.

ಸ್ವಾಮಿಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಕೂತುಕೊ ಎಂದು ಕೈತೋರಿಸಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪ್ರಾಧ್ಯಾಪಕರಿದ್ದರು. ಅವರು ಯೆಹೂದಿಗಳು. ಆ ಊರಿನಲ್ಲಿ ಅವರ ಜನ ಇಪ್ಪತ್ತು ಮನೆಯಿದ್ದರೆ ಹೆಚ್ಚು. ವಿಶ್ವವಿದ್ಯಾಲಯದಲ್ಲಿ ಹಳೆಯ ಭಾಷೆಗಳ ವಿಭಾಗವನ್ನು ಕಟ್ಟಿ ಬೆಳೆಸಿದವರು ಅವರೇ. ಯಾರಿಗೂ ಬೇಡವಾದ ಸಮಿತಿಗಳೆಲ್ಲ ಬಂದು ಬೀಳುತ್ತಿದ್ದುದೂ ಅವರ ತಲೆಯ ಮೇಲೆಯೇ. ದೂರದ ವಿದ್ವಾಂಸರು ತಾವು ಬರೆದುದನ್ನು ಅವರಿಗೆ ಕಳಿಸುತ್ತಿದ್ದರು. ಅವರು ತಮ್ಮ ಬರವಣಿಗೆಯನ್ನು ಪಕ್ಕಕ್ಕಿಟ್ಟು ಅದನ್ನು ತಿದ್ದಿ ಕೊಡುತ್ತಿದ್ದರು. ಅವರ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸಲು ಹತ್ತು ಜನ ಇರಲೇಬೇಕು. ಒಂಬತ್ತೇ ಜನ ಸೇರಿದ ಬೆಳಗಿನಲ್ಲಿ ಇವರಿಗೆ ಕರೆ ಬರುತ್ತಿತ್ತು. ಕರೆದರೆ ಒಲ್ಲೆ ಎನ್ನುವ ನಾಲಿಗೆ ಅವರಿಗೆ ಇರಲಿಲ್ಲ.

ಸತ್ತವರಿಗೆ ಸ್ನಾನ ಮಾಡಿಸುವುದು ಆ ಜನರಲ್ಲಿ ದೊಡ್ಡ ಸೇವೆ. ಅದಕ್ಕೆ ಕೂಲಿಯವರನ್ನು ಕರೆಯುವುದಿಲ್ಲ. ತಮ್ಮವರೇ ಮೂರು ನಾಲ್ಕು ಮಂದಿ ಹೋಗಿ, ಮೈ ತೊಳೆದು, ಬಿಳಿಯ ಬಟ್ಟೆ ತೊಡಿಸುತ್ತಾರೆ. ದೇಹದ ಮೇಲಿಂದ ಒಂದು ಚೊಂಬನ್ನೂ ದಾಟಿಸುವುದಿಲ್ಲ, ಸುತ್ತಿ ಬಂದು ಕೊಡುತ್ತಾರೆ. ಎಲ್ಲ ಮುಗಿದ ಮೇಲೆ ಅವರಲ್ಲಿ ಹಿರಿಯನಾದವನು ಸತ್ತವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಹೇಳಿ, ನಮ್ಮಿಂದ ತಪ್ಪಾಗಿದ್ದರೆ ಮನ್ನಿಸು ಎಂದು ಬೇಡಬೇಕು. ಉಪಚಾರ ಮಾಡಿದವನೇ ಕ್ಷಮೆ ಕೇಳುವ ರೂಢಿ ಅದು. ಪ್ರಾಧ್ಯಾಪಕರು ಈ ಮಾತನ್ನು ಇಪ್ಪತ್ತು ವರ್ಷ ಹೇಳಿದ್ದರು. ಪರೀಕ್ಷೆಯ ಕೊಠಡಿಯಲ್ಲಿ ಸೂಚನೆ ಓದಿದ ಹಾಗೆ ಹೇಳಿದ್ದರು.

ಅವರಿಗೆ ರೂಬೇನ್ ಎಂಬ ಶಿಷ್ಯನಿದ್ದ. ಅದೇ ಬೀದಿಯ ಹುಡುಗ. ಪ್ರಾಧ್ಯಾಪಕರು ಅವನಿಗೆ ಹಳೆಯ ಲಿಪಿಗಳನ್ನು ಕಲಿಸಿದರು, ಕೆಲಸ ಸಿಗುವ ಹಾಗೆ ಮಾಡಿದರು, ಅವನ ಮೊದಲ ಪುಸ್ತಕವನ್ನು ಎರಡು ವರ್ಷ ಕೂತು ಸಾಲುಸಾಲಾಗಿ ತಿದ್ದಿದರು. ಪುಸ್ತಕ ಅಚ್ಚಾಗಿ ಬಂತು. ಮುನ್ನುಡಿಯಲ್ಲಿ ಮುದ್ರಕನವರೆಗೆ ಎಲ್ಲರಿಗೂ ವಂದನೆಯಿತ್ತು, ಗುರುವಿನ ಹೆಸರಿರಲಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ, ಪ್ರಾಧ್ಯಾಪಕರು ಕೇಳಲಿಲ್ಲ. ಕೇಳದೆಯೇ ಮಾತು ಬಿಟ್ಟರು. ಹನ್ನೊಂದು ವರ್ಷ ಇಬ್ಬರೂ ಒಂದೇ ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದರು.

ಇಲ್ಲಿಗೆ ಬರುವಷ್ಟರಲ್ಲಿ ಮರಿಸಿದ್ಧಯ್ಯನ ಮುಖ ಸ್ವಲ್ಪ ಅರಳಿತು. ಕತೆ ತನ್ನ ಕಡೆಗಿದೆ ಎಂದುಕೊಂಡು ಅವನು ಹತ್ತಿರ ಸರಿದು ಕೂತ.

ಒಂದು ಬೆಳಿಗ್ಗೆ ರೂಬೇನ್ ತೀರಿಹೋದ. ಅವನಿಗೆ ಐವತ್ತು ತುಂಬಿರಲಿಲ್ಲ. ಸ್ನಾನ ಮಾಡಿಸಲು ಬಂದವರು ಇಬ್ಬರೇ, ಇಬ್ಬರೂ ಹೊಸಬರು. ಪ್ರಾಧ್ಯಾಪಕರಿಗೆ ಕರೆ ಬಂತು. ಮನಸ್ಸಿಲ್ಲದೆ ಹೋದರು. ಮನಸ್ಸಿಲ್ಲದಿದ್ದರೂ ಕೈಗೆ ಅಭ್ಯಾಸವಿತ್ತು, ಕೆಲಸದಲ್ಲಿ ಏನೂ ಕುಂದಾಗಲಿಲ್ಲ. ಕೊನೆಯ ಮಾತಿನ ಹೊತ್ತಿಗೆ ಮಾತ್ರ ತಡೆದು ನಿಂತರು. ಇವನ ಹತ್ತಿರ ನಾನು ಕ್ಷಮೆ ಕೇಳುವುದೇ, ಎಂದು ಒಳಗೊಳಗೇ ಕುದಿದರು. ಆ ಮಾತಾದ ಮೇಲೆಯೇ ದೇಹವನ್ನು ಹೊರಗೆ ಕಳಿಸುವುದು ಅಲ್ಲಿನ ಪದ್ಧತಿ. ಹೊರಗೆ ಅವನ ಹೆಂಡತಿ ಕಾಯುತ್ತಿದ್ದಳು. ಹೊಸಬರಿಬ್ಬರೂ ಇವರ ಬಾಯಿಯನ್ನೇ ನೋಡುತ್ತ ನಿಂತಿದ್ದರು.

ಪ್ರಾಧ್ಯಾಪಕರು ತಲೆ ತಗ್ಗಿಸಿದರು. ರೂಬೇನನ ಬೆರಳು ಕಣ್ಣಿಗೆ ಬಿತ್ತು. ಲೇಖನಿ ಒತ್ತಿ ಒತ್ತಿ ಅಲ್ಲಿ ಚರ್ಮ ಗಂಟುಕಟ್ಟಿತ್ತು. ಅವನು ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗ ತರಗತಿಯಲ್ಲಿ ಎದ್ದು ಕೇಳಿದ ಒಂದು ಪ್ರಶ್ನೆ ನೆನಪಾಯಿತು. ಅಂದು ಅವರಿಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದವರು ಮೂರು ವಾರ ಗ್ರಂಥಾಲಯ ಬಿಟ್ಟು ಏಳಲಿಲ್ಲ. ಅವರಿಗೆ ಹೆಸರು ತಂದ ಪುಸ್ತಕ ಹುಟ್ಟಿದ್ದು ಆ ಮೂರು ವಾರದಲ್ಲಿ. ಆ ಪುಸ್ತಕಕ್ಕೂ ಒಂದು ಮುನ್ನುಡಿಯಿತ್ತು. ಅದರಲ್ಲಿ ರೂಬೇನನ ಹೆಸರನ್ನು ಅವರು ಹಾಕಿರಲಿಲ್ಲ.

“ಹಾಯಿಮನ ಮಗ ರೂಬೇನಾ, ನಮ್ಮಿಂದ ತಪ್ಪಾಗಿದ್ದರೆ ಮನ್ನಿಸು,” ಎಂದರು ಪ್ರಾಧ್ಯಾಪಕರು. “ನಾನು ನಿನ್ನಿಂದ ಕಲಿತೆ. ಕಲಿತೆ ಅಂತ ನಿನಗೆ ಹೇಳಲೇ ಇಲ್ಲ.”

ಹೊಸಬರಿಬ್ಬರು ಇದೂ ವಿಧಿಯ ಮಾತೇ ಇರಬೇಕೆಂದು ಭಕ್ತಿಯಿಂದ ತಾವೂ ಹಾಗೆಯೇ ಹೇಳಿದರು. ಪ್ರಾಧ್ಯಾಪಕರು ಅವರನ್ನು ತಿದ್ದಲಿಲ್ಲ. ಗೋಡೆಗೆ ಕೈಯೂರಿ ಅತ್ತರು.

ಅವರು ನಿವೃತ್ತರಾದಾಗ ವಿಶ್ವವಿದ್ಯಾಲಯದವರು, ವಿದ್ವಾಂಸರು, ಪ್ರಾರ್ಥನಾ ಮಂದಿರದವರು ಎಲ್ಲ ಸೇರಿ ಒಂದು ಸಭೆ ಮಾಡಿದರು. ಒಬ್ಬರಾದ ಮೇಲೊಬ್ಬರು ಎದ್ದು ಅವರ ಸೇವೆಯನ್ನು ಹೊಗಳಿದರು. ಹೊಗಳಿಕೆ ಅವರಿಗೂ ಹಿತವಾಗಿಯೇ ಇತ್ತು, ಅವರೇನು ಕಲ್ಲಲ್ಲ. ತಮ್ಮ ಸರದಿ ಬಂದಾಗ ಭಾಷಣ ಮಾಡಲಿಲ್ಲ. ತಮಗೆ ಪ್ರಶ್ನೆ ಕೇಳಿದವರು, ನಂಬಿ ಕೈಬರಹ ಕಳಿಸಿದವರು, ಪ್ರಾರ್ಥನೆಗೆ ಬಾ ಎಂದು ಕರೆದವರು, ಇವರ ಹೆಸರುಗಳನ್ನೇ ಒಂದೊಂದಾಗಿ ಹೇಳುತ್ತ ಹೋದರು. ನಿಮ್ಮಿಂದ ನನ್ನ ಬದುಕು ತುಂಬಿತು ಎಂದರು. ಮೊದಲು ಹೇಳಿದ್ದು ರೂಬೇನನ ಹೆಸರು. ಎದುರಿಗೆ ಕೂತಿದ್ದ ಅವನ ಹೆಂಡತಿ ಕಣ್ಣೊರೆಸಿಕೊಂಡಳು.

ಕತೆ ಮುಗಿಯಿತು. ಮರಿಸಿದ್ಧಯ್ಯನಿಗೆ ತನ್ನ ವಿದ್ಯಾರ್ಥಿಗಳ ಮುಖಗಳು ನೆನಪಾದವು, ಅವರು ಕೇಳಿದ ಪ್ರಶ್ನೆಗಳೂ ನೆನಪಾದವು. ಹದಿನಾಲ್ಕು ವರ್ಷದಲ್ಲಿ ತಾನು ಪಡೆದುದೇನು ಕಡಿಮೆಯಲ್ಲ ಎನ್ನಿಸಿ ಎದೆ ತುಂಬಿಬಂತು. ಜೊತೆಗೆ ನಾಚಿಕೆಯೂ ಆಯಿತು.

“ತಿಳಿಯಿತು ಬುದ್ಧಿ. ಹೆಸರಿಗೆ ಆಸೆಪಟ್ಟದ್ದು ನನ್ನದೇ ತಪ್ಪು,” ಎಂದ.

ಸ್ವಾಮಿಗಳು ಕೂತಲ್ಲಿಂದ ಮೆಲ್ಲಗೆ ಎದ್ದು, ಅವನ ಮುಂದೆ ಬಂದು ಕೈ ಮುಗಿದರು. ಮರಿಸಿದ್ಧಯ್ಯ ಗಾಬರಿಯಿಂದ ಎದ್ದು ನಿಂತ.

“ಕತೆ ಹೇಳಿಕೊಂಡದ್ದು ನನಗೆ ಕಣಪ್ಪಾ, ನಿನ್ನೆ ನಿನ್ನ ಹೆಸರು ಬಿಟ್ಟವನು ನಾನು, ನಾವಿಬ್ಬರೂ ಬದುಕಿರುವಾಗಲೇ ಕೇಳುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊ.”