ದುಂಡಪ್ಪನ ಸೋಮವಾರ

ಹಿರೇಹಳ್ಳದ ದಂಡೆಯ ಮೇಲೆ, ಹುಲ್ಲು ಹೊದಿಸಿದ ಪುಟ್ಟ ಗುಡಿಸಲಲ್ಲಿ ಪೂಜ್ಯ ಸಿದ್ಧಮ್ಮ ತಾಯಿಯವರು ವಾಸವಾಗಿದ್ದರು. ಆಸ್ತಿಯೆಂದರೆ ಒಂದು ಕೌದಿ, ಒಂದು ನೀರಿನ ಹರವಿ, ಲಿಂಗದ ಮುಂದೊಂದು ನಂದಾದೀಪ. ಆ ದೀಪಕ್ಕೆ ಅಂದಂದಿನ ಎಣ್ಣೆಯನ್ನು ಅಂದೇ ತೆಗೆದು ಮುಟ್ಟಿಸುವೆನೆಂದು ಗಾಣಿಗರ ದುಂಡಪ್ಪ ಹರಕೆ ಹೊತ್ತಿದ್ದ. ತಾಯಿಯವರು ಕೇಳಿದ್ದಿಲ್ಲ, ಭಕ್ತಿಯೆಂಬುದು ಕೇಳಿ ಬರುತ್ತದೆಯೇ!

ಮೂರು ವರ್ಷ ಒಂದು ದಿನವೂ ತಪ್ಪಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಅದು ಬಸವಣ್ಣನ ವಾರ. ದುಂಡಪ್ಪ ಆ ನೇಮ ಮುರಿಯುವವನಲ್ಲ. ತನ್ನ ಎತ್ತು ಕೆಂದನ ಮೈ ತೊಳೆದು, ಹಿಂಡಿ ತಿನ್ನಿಸಿ, ನೆರಳಿಗೆ ಕಟ್ಟುತ್ತಿದ್ದ. ಆಮೇಲೆ ಗಾಣದ ನೊಗಕ್ಕೆ ತಾನೇ ಹೆಗಲು ಕೊಟ್ಟು ಸುತ್ತುತ್ತಿದ್ದ! ಊರವರು 'ಭಲೆ ಭಕ್ತ' ಎಂದು ಹೊಗಳಿದರು. ಹೊಗಳಿದವರಾರೂ ಒಂದು ಸುತ್ತು ಎಳೆದುಕೊಡಲಿಲ್ಲ ಅನ್ನಿ.

ಬರಬರುತ್ತ ಅವನಿಗೆ ರೊಟ್ಟಿ ರುಚಿಸದಾಯಿತು. ಎಳ್ಳಿನ ವಾಸನೆ ಮೂಗಿಗೆ ಬಡಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಒಂದು ಭಾನುವಾರ ಕೆಂದ ಅರೆಗಳಿಗೆ ನಿಂತಿತೆಂದು ಬಾರುಕೋಲಿನಿಂದ ಬಾಸುಂಡೆ ಬರುವಂತೆ ಬಾರಿಸಿದ. ತಬ್ಬಲಿ ಕರುವಾಗಿದ್ದಾಗ ಬೊಗಸೆಯಲ್ಲಿ ಹಾಲು ಕುಡಿಸಿ ಸಾಕಿದ ಎತ್ತು ಅದು. ಆ ಸಂಜೆ ಅವನು ಹುಲ್ಲು ಹಿಡಿದರೆ ಬೆದರಿ ಹಿಂದೆ ಸರಿಯಿತು.

ಮರುದಿನ ಮಧ್ಯಾಹ್ನ, ಒಂದು ಕೈಯಲ್ಲಿ ಎಣ್ಣೆಯ ಗಿಂಡಿ, ಇನ್ನೊಂದರಲ್ಲಿ ಕೆಂದನ ಹಗ್ಗ ಹಿಡಿದು ಗುಡಿಸಲಿಗೆ ಬಂದ.

"ಯವ್ವಾ, ಇದನ್ನ ಇಲ್ಲೇ ಕಟ್ಕೋರಿ. ನನ್ನ ಹಂತ್ಯಾಕ ಇದ್ರ ಹೊಡದು ಕೊಂದೇನು. ನನಗ ಇನ್ನಷ್ಟು ಶಕ್ತಿ ಕೊಡ್ರಿ, ದಿನಾ ಗಾಣ ನಾನೇ ಎಳೀತೀನಿ."

ತಾಯಿಯವರು ಶಕ್ತಿಯ ಮಾತೆತ್ತಲಿಲ್ಲ. ಅವನ ಅಂಗಿ ಸರಿಸಿ ಹೆಗಲು ನೋಡಿದರು. ಎತ್ತಿನ ಹೆಗಲಿನಂತೆಯೇ ದಡ್ಡುಗಟ್ಟಿತ್ತು.

"ಎತ್ತಿನಾಗ ಶಿವ ಅದಾನಂತ ಸೋಮವಾರ ನೊಗ ಇಳಸ್ತೀ. ನಿನ್ನಾಗ ಇಲ್ಲೇನಪ್ಪಾ?"

ಅಷ್ಟೇ ನುಡಿದು, ಗಿಂಡಿಯ ಎಣ್ಣೆಯನ್ನು ಅಂಗೈಗೆ ಬಗ್ಗಿಸಿಕೊಂಡು ಆ ಹೆಗಲಿಗೆ ತಿಕ್ಕತೊಡಗಿದರು.

"ಅಯ್ಯಯ್ಯ, ದೀಪದ ಎಣ್ಣಿ ಯವ್ವಾ!"

ತಾಯಿಯವರು ಮೂಲೆ ತೋರಿಸಿದರು. ಅಲ್ಲೊಂದು ಗಡಿಗೆಯ ತುಂಬ ಎಣ್ಣೆ. ಮೂರು ವರ್ಷ ಅವನೇ ತಂದದ್ದರಲ್ಲಿ ಉಳಿದದ್ದು! "ದೀಪಾ ಎಷ್ಟ ಕುಡೀತೈತಿ? ಮಲ್ಕೋ," ಎಂದು ಕೌದಿ ಹಾಸಿಕೊಟ್ಟರು.

ದುಂಡಪ್ಪ ಮಲಗಿದ. ಕಣ್ಣು ಮುಚ್ಚಿದರೂ ಸುತ್ತುತ್ತಲೇ ಇದ್ದ. ಮೋಡ ಸುತ್ತಿತು, ಹಳ್ಳ ಸುತ್ತಿತು, ಊರೆಲ್ಲ ಎಳ್ಳಿನ ಹೂವಾಗಿ ಅವನ ಸುತ್ತ ತೇಲಿತು. ಎಲ್ಲೋ ದೂರದಲ್ಲಿ ಗಾಣದ ಕಿರ್ರೆನ್ನುವ ಸದ್ದು ಸಣ್ಣಗಾಗುತ್ತ ಆಗುತ್ತ ನಿಂತೇಹೋಯಿತು. ಅವ್ವನ ತೊಡೆಯ ಮೇಲೆ ಮಲಗಿದ್ದೇನೆ ಎನ್ನಿಸಿತು ಅವನಿಗೆ.

ಎಚ್ಚರಾದಾಗ ಹೊತ್ತು ಇಳಿದಿತ್ತು. ನಂದಾದೀಪ ಎಂದಿನಂತೆ ಉರಿಯುತ್ತಿತ್ತು. ಎದ್ದು ಹೊರಗೆ ಬಂದು, ಒಂದು ಹಿಡಿ ಹುಲ್ಲು ಹಿಡಿದು, ಗಿಡಕ್ಕೆ ಕಟ್ಟಿದ್ದ ಕೆಂದನ ಮುಂದೆ ಕುಳಿತ. ಕರೆಯಲಿಲ್ಲ, ಎಳೆಯಲಿಲ್ಲ. ಎತ್ತು ಬಹಳ ಹೊತ್ತು ನೋಡಿತು. ಆಮೇಲೆ ಮೆಲ್ಲನೆ ಬಂದು ಅವನ ಹೆಗಲಿನ ಎಣ್ಣೆಯನ್ನು ಒಮ್ಮೆ ನೆಕ್ಕಿ, ಕೈಯೊಳಗಿನ ಹುಲ್ಲಿಗೆ ಬಾಯಿ ಹಾಕಿತು. ದುಂಡಪ್ಪ ಅದರ ಕೊರಳು ತಬ್ಬಿ ಬಿಕ್ಕಿಬಿಕ್ಕಿ ಅತ್ತ. ತಾಯಿಯವರು ಹಗ್ಗ ಬಿಚ್ಚಿ ಅವನ ಕೈಗೇ ಕೊಟ್ಟರು.

ಮುಂದಿನ ಸೋಮವಾರ ಗಾಣ ಸುಮ್ಮನಿತ್ತು. ದಾರಿಹೋಕರು ಗಾಬರಿಯಾಗಿ, "ಏನೋ ದುಂಡಪ್ಪಾ, ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು.

ಅವನು ಕೆಂದನ ಮಗ್ಗುಲಲ್ಲಿ, ನೆರಳಲ್ಲಿ ಕಾಲು ಚಾಚಿ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಆರಾಮ ಅದೀನ್ರೀ," ಎಂದ. "ಇವತ್ತ ನಮ್ಮಿಬ್ಬರದೂ ಸೋಮವಾರ."