ಜಾಲಿಕೊಂಬೆಯ ಗಂಟು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೂಡು ನೇಯುವ ಗೀಜಗಗಳು, ನೇಯ್ಗೆಯ ಕಸುಬಿನ ಮಾತುಕತೆಗೆ ಒಂದು ಜಾಗ ಗೊತ್ತುಮಾಡಲು ಸಭೆ ಸೇರಿದವು.

"ನಾನಿರೋ ಖಾಲಿ ನೀರಿನ ಟ್ಯಾಂಕಿಗೆ ಬನ್ನಿ," ಎಂದಿತು ಮೈನಾ. "ಅಲ್ಲಿ ಒಂದು ಮಾತಾಡಿದರೆ ಹತ್ತಾಗಿ ಕೇಳಿಸುತ್ತೆ."

"ಕೇಳಿಸುತ್ತೆ, ಸರಿ. ಉಳಿಯುತ್ತಾ?" ಎಂದಿತು ಮುದಿ ಗೀಜಗ.

"ಉಳಿಸಿಡೋಕೆ ಮಾತೇನು ಉಪ್ಪಿನಕಾಯಾ ಅಜ್ಜಾ?" ಎಂದು ನಕ್ಕು, ಮುದಿ ಗೀಜಗದ ಹೊರತು ಎಲ್ಲವೂ ಟ್ಯಾಂಕಿಗೆ ಹಾರಿದವು.

ಆಷಾಢದ ಗಾಳಿ ಎದ್ದಾಗ ಹೊಸ ಗೀಜಗವೊಂದರ ಗೂಡು ಕೊಂಬೆಯಿಂದ ಜಾರತೊಡಗಿತು. ಒಳಗೆ ಮೂರು ಮೊಟ್ಟೆ, ಕೆಳಗೆ ಬಾವಿ. ಅದು ಟ್ಯಾಂಕಿಗೆ ಹಾರಿ, "ಗೂಡನ್ನ ಕೊಂಬೆಗೆ ಬಿಗಿಯೋ ಮೊದಲ ಗಂಟು ಹಾಕೋದು ಹೇಗೆ?" ಎಂದು ಕೂಗಿತು. "ನಿನ್ನೆ ತಾನೇ ಹೇಳಿದ್ವಲ್ಲ!" ಎಂದು ಕೆಲವು ಗದರಿದವು. ಉಳಿದವು ಒಟ್ಟಿಗೇ ಉತ್ತರಿಸಿದವು. ಟ್ಯಾಂಕು ಗುಂಯ್‌ಗುಟ್ಟಿತೇ ಹೊರತು ಒಂದಕ್ಷರವೂ ತಿಳಿಯಲಿಲ್ಲ.

ಮರಕ್ಕೆ ಮರಳಿದಾಗ ಅದಕ್ಕೆ ಪಕ್ಕದ ಕೊಂಬೆಯಲ್ಲಿ ಒಂದು ಪಾಳುಗೂಡು ಕಂಡಿತು. ಅಷ್ಟು ಗಾಳಿಗೂ ಅದು ಜಾರಿರಲಿಲ್ಲ. ಹೊಸ ಗೀಜಗ ಅದರ ಗಂಟಿನ ಮೇಲೆ ಕೊಕ್ಕಾಡಿಸಿ ನಾರಿನ ಎಳೆ ಹೋದ ದಾರಿ ಹಿಡಿಯಿತು: ಎರಡು ಸುತ್ತು, ಒಂದು ನುಸುಳು. ತನ್ನ ಗೂಡಿಗೂ ಹಾಗೆಯೇ ಗಂಟು ಹಾಕಿತು. ಗೂಡು ನಿಂತಿತು.

"ಇದನ್ನ ನೇಯ್ದದ್ದು ಯಾರು ಅಜ್ಜಾ?" ಎಂದು ಮರದಲ್ಲೇ ಉಳಿದಿದ್ದ ಮುದಿ ಗೀಜಗವನ್ನು ಕೇಳಿತು.

"ನನ್ನ ತಮ್ಮ. ಹೋದ ವರ್ಷ ಗಿಡುಗ ಒಯ್ದುಬಿಡ್ತು."

ಹೊಸ ಗೀಜಗ ಪಾಳುಗೂಡಿನ ಗಂಟನ್ನು ಮತ್ತೆ ಕೊಕ್ಕಿನಿಂದ ಮುಟ್ಟಿತು. "ಆದರೆ ಈಗ ತಾನೇ ನನಗೆ ಹೇಳಿಕೊಟ್ಟನಲ್ಲ!"

ಮರುದಿನ ಯಾವ ಗೀಜಗವೂ ಬರದಿದ್ದಾಗ ಟ್ಯಾಂಕಿನಿಂದ ಮೈನಾ ಕೂಗಿತು: "ಏನ್ರಪ್ಪಾ, ಯಾರೂ ಮಾತೇ ಆಡ್ತಿಲ್ಲ?"

"ಆಡ್ತಾನೇ ಇದ್ದೀವಿ," ಎಂದಿತು ಹೊಸ ಗೀಜಗ, ಖಾಲಿ ಕೊಂಬೆಗೆ ಒಂದು ಗಂಟು ಬಿಗಿಯುತ್ತ. "ಇನ್ನೂ ಹುಟ್ಟದವರ ಜೊತೆ."