ಕೆಂಚಲಗಡ್ಡಿಯ ಹೆಸರುಗಲ್ಲು

ಅಂಬಿಗರ ತಿಪ್ಪವ್ವನ ಕೈಲಿ ಆಗುವ ಕೆಲಸವಲ್ಲ ಎಂದು ಮೊದಲು ನಕ್ಕವರು ಊರ ಗೌಡರು. ಆಮೇಲೆ ನಕ್ಕವನು ಮತದಾರರ ಪಟ್ಟಿ ಬರೆಯಲು ಬಂದ ಗುಮಾಸ್ತ. ನಗದೆ, ಕಣ್ಣು ಕೆಂಪಗೆ ಮಾಡಿ ಹೇಳಿದವಳು ಸ್ವಂತ ಅತ್ತೆ. ಆ ಮೂವರೂ ಇಂದು ಇಲ್ಲ, ಕಲ್ಲು ಮಾತ್ರ ಇದೆ. ಹರಗೋಲಿನಿಂದ ಕೆಂಚಲಗಡ್ಡಿ ಎಂಬ ನಡುಗಡ್ಡೆಯ ದಂಡೆಗೆ ಇಳಿದು ಹದಿನೆಂಟು ಮೆಟ್ಟಿಲು ಹತ್ತಿದರೆ, ಸುತ್ತ ಹರಿಯುವ ಕೃಷ್ಣೆಗೆ ಬೆನ್ನು ಕೊಟ್ಟು ನಿಂತ ಕರಿಬಂಡೆ ಎದುರಾಗುತ್ತದೆ. ಇಬ್ಬರು ಆಳಿನ ಎತ್ತರ, ಹತ್ತು ಜನ ಮರೆಯಾಗಿ ನಿಲ್ಲುವಷ್ಟು ಅಗಲ. ಅದರ ಮೈಮೇಲೆ ಉಳಿಯಿಂದ ಕೊರೆದು ಸುಣ್ಣ ತುಂಬಿದ ಬೊಟ್ಟುಗಳು ಸಾಲಾಗಿವೆ. ಎಂಥ ಮಹಾಪೂರ ಬಂದರೂ ಒಂದು ಬೊಟ್ಟೂ ಮಾಸಿಲ್ಲ ಎನ್ನುತ್ತಾರೆ. ದೇವರ ಗುಡಿಗೆ ಹೋಗುವವರು ಕೂಡ ಮೊದಲು ಇಲ್ಲಿ ಚಪ್ಪಲಿ ಬಿಡುತ್ತಾರೆ.

ಹಿಂದೆ ಒಮ್ಮೆ, ದೇಶದಲ್ಲಿ ಮೊದಲ ಚುನಾವಣೆ ನಡೆದಾಗ, ಈ ಸೀಮೆಯಲ್ಲಿ ಇಬ್ಬರು ಎದುರುಬದುರಾಗಿ ನಿಂತಿದ್ದರು. ಒಬ್ಬರು ದೇಸಾಯರು, ಇನ್ನೊಬ್ಬರು ಶಾಲೆಯ ಮಾಸ್ತರರಾಗಿದ್ದ ವೀರಸಂಗಯ್ಯ. ಗಡ್ಡಿಯ ದಂಡೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸುತ್ತೇನೆ ಎಂದವರು ಮಾಸ್ತರರು ಒಬ್ಬರೇ. ಅಲ್ಲಿಯವರೆಗೆ ಹೆರಿಗೆ ನೋವು ಬಂದ ಹೆಂಗಸನ್ನು ಸೊಂಟದುದ್ದದ ಕೆಸರಿನಲ್ಲಿ ಹೊತ್ತು ಹರಗೋಲಿಗೆ ಏರಿಸಬೇಕಿತ್ತು. ಆ ಕೆಸರಿನಲ್ಲೇ ಉಸಿರು ಬಿಟ್ಟವರು ಇದ್ದರು. ತಿಪ್ಪವ್ವನ ತಂಗಿಯೂ ಅವರಲ್ಲಿ ಒಬ್ಬಳು. ಎಣಿಕೆಯಾದಾಗ ಮಾಸ್ತರರು ಮೂವತ್ತೊಂಬತ್ತು ಓಟುಗಳಿಂದ ಸೋತಿದ್ದರು. ಗಡ್ಡಿಯ ಒಬ್ಬ ಹೆಂಗಸೂ ಓಟು ಹಾಕಿರಲಿಲ್ಲ. ಹೆಸರು ಕೇಳಿದರೆ ಇವರು ಗಂಡನ ಹೆಸರನ್ನೂ ಹೇಳುವವರಲ್ಲ, ಪರಗಂಡಸಿನ ಮುಂದೆ ತಮ್ಮ ಹೆಸರನ್ನೂ ಹೇಳುವವರಲ್ಲ. ಪಟ್ಟಿಯಲ್ಲಿ 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದಷ್ಟೇ ಇತ್ತು. ಹೆಸರಿಲ್ಲದವರಿಗೆ ಓಟಿಲ್ಲ ಎಂದು ಮೇಲಿನವರು ಆ ಸಾಲುಗಳನ್ನೆಲ್ಲ ಹೊಡೆದುಹಾಕಿದ್ದರು. ಹಾಗೆ ಹೊಡೆದ ಸಾಲುಗಳು ಐವತ್ತಮೂರು. ಆ ಎರಡು ಸಂಖ್ಯೆಗಳನ್ನು ತಿಪ್ಪವ್ವ ಮಾಸ್ತರರ ಬಾಯಿಂದ ಕೇಳಿದಳು, ಕೇಳಿದ ಮೇಲೆ ಸುಮ್ಮನೆ ಕೂರಲಿಲ್ಲ.

ಐದು ವರ್ಷದ ಮೇಲೆ, ಸೀಮೆ ಹೊಸ ರಾಜ್ಯಕ್ಕೆ ಸೇರಿ, ಹಿರೇಕೆಂಚಲ ಎಂಬ ಕ್ಷೇತ್ರವಾಗಿ ಮತ್ತೆ ಪಟ್ಟಿ ಬರೆಯುವ ಕಾಲ ಬಂತು. ತಿಪ್ಪವ್ವ ಮನೆಮನೆ ಹೊಕ್ಕು ಒಂದು ಉಪಾಯ ಹೇಳಿದಳು. ಮದುವೆ ಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದ ಒಡಪು ಕಟ್ಟಿ ಹೇಳುವುದು ಇದ್ದೇ ಇದೆ, ಅದರಲ್ಲಿ ತಪ್ಪಿಲ್ಲ. ಗುಮಾಸ್ತ ಬಂಡೆಯ ಈಚೆ ಕೂರಲಿ, ನಾವು ಆಚೆ ನಿಂತು ಒಡಪು ಹೇಳೋಣ, ಅವನಿಗೆ ಮುಖ ಕಾಣುವುದಿಲ್ಲ.

ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಳು. "ಏನಲೇ ಸೊಸಿ, ಅದು ಮದುವಿ ಮನಿ ಆಟ. ಸರಕಾರದ ಕಾಗದಕ್ಕ ನನ್ನ ಮಗನ ಹೆಸರ ಕೂಗಿದ್ರ ಅವನ ಆಯುಷ್ಯ ಹರಿತೈತಿ, ತಿಳಕೋ!"

ತಿಪ್ಪವ್ವನೂ ಅದನ್ನು ನಂಬಿ ಬೆಳೆದವಳೇ. ಗಂಡನ ಮುಖ ನೋಡಿದಳು. ಅವನು ಹರಗೋಲಿಗೆ ತೊಗಲು ಹೊಲಿಯುತ್ತಿದ್ದವನು ತಲೆ ಎತ್ತದೆ ಅಂದ: "ಹೇಳು ನೀ. ನೀ ಹೆಸರ ಹೇಳಿದ್ರ ಕರಗಾಕ ನಾ ಏನು ಬೆಣ್ಣಿ ಅದೀನೇನು?"

ಮರುದಿನ ಗುಮಾಸ್ತ ಬಂಡೆಯ ಈಚೆ ದಫ್ತರ ಬಿಚ್ಚಿ ಕೂತ. "ಎಷ್ಟೊತ್ತು ಕಾಯೂದವ್ವಾ? ಕಲ್ಲು ಮಾತಾಡತೈತೇನು?" ಎಂದು ಆಕಳಿಸಿದ. ಆಗ ಆಚೆಯಿಂದ ಒಂದು ದನಿ ಎದ್ದಿತು: "ಕಲ್ಲಿಗೆ ಬಡದು ಕೃಷ್ಣೆ ನಕ್ಕಾಳ, ಹರಗೋಲಿಗೆ ಹಾದಿ ಬಿಟ್ಟು ಸರದಾಳ, ಮುದುಕಪ್ಪರಾಯರ ಮಡದಿ ನಾ ತಿಪ್ಪವ್ವ, ಬರಕೋ!" ಅದರ ಹಿಂದೆ ಇನ್ನೊಂದು, ಮತ್ತೊಂದು. ಹುಟ್ಟಿದಾರಭ್ಯ ಗೋಡೆಯಾಚೆ ಕೇಳದ ದನಿಗಳು ಹೊಳೆಗೆ ತಾಗಿ ತಿರುಗಿ ಬಂದವು. ಕಲ್ಲೇ ಹೇಳುತ್ತಿದೆ ಅನಿಸಿ ಗುಮಾಸ್ತ ತಲೆಯ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ ಎನ್ನುತ್ತಾರೆ. ಅವನು ಒಂದು ಹೆಸರು ಬಿಟ್ಟರೂ ಗೊತ್ತಾಗಲಿ ಎಂದು ತಿಪ್ಪವ್ವನ ಗಂಡ ಮುದುಕಪ್ಪ ಉಳಿ ಹಿಡಿದು, ಹೆಸರಿಗೊಂದು ಬೊಟ್ಟಿನಂತೆ ಬಂಡೆಗೆ ಕೊರೆದ. ಹೊತ್ತು ಇಳಿಯುವಾಗ ಐವತ್ತೆರಡು ಆಗಿದ್ದವು. ಅತ್ತೆ ಒಬ್ಬಳೇ ಬರಲಿಲ್ಲ.

ಆ ಸಲ ಮಾಸ್ತರರು ಹನ್ನೆರಡು ಓಟುಗಳಿಂದ ಗೆದ್ದರು. ಊರು ಕುಣಿಯಿತು. ಮಳೆಗಾಲ ಬಂತು. ಶ್ರಾವಣದ ಪೂರದಲ್ಲಿ ಮುದುಕಪ್ಪನ ಹರಗೋಲು ಸುಳಿಗೆ ಸಿಕ್ಕಿತು. ಹರಗೋಲು ಸಿಕ್ಕಿತು, ಅವನು ಸಿಗಲಿಲ್ಲ. ಹೆಸರು ಕೂಗಿದ್ದಕ್ಕೇ ಹೀಗಾಯಿತು ಎಂದು ಗೌಡರ ಕಟ್ಟೆಯಲ್ಲಿ ಮಾತಾಯಿತು. ಬಂಡೆಗೆ ಬಂದಿದ್ದ ಹೆಂಗಸರೇ ತಿಪ್ಪವ್ವನ ಮುಖ ತಪ್ಪಿಸಿದರು. ಅತ್ತೆ ಅವಳ ಕೈಯ ನೀರು ಮುಟ್ಟಲಿಲ್ಲ. ತಿಪ್ಪವ್ವ ಗಂಡನ ಹುಟ್ಟು ಕೈಗೆ ತೆಗೆದುಕೊಂಡು ಹರಗೋಲು ನೀರಿಗೆ ಇಳಿಸಿದಳು. ಮುಂದಿನ ಬೇಸಿಗೆಯಲ್ಲಿ ಮೆಟ್ಟಿಲಿಗೆ ಬೇಕಾದ ಕಲ್ಲುಗಳೆಲ್ಲ ಅದೇ ಹರಗೋಲಿನಲ್ಲಿ ಹೊಳೆ ದಾಟಿ ಬಂದವು.

ಮತ್ತೆ ಐದು ವರ್ಷ ಕಳೆದು ಪಟ್ಟಿಯವರು ಬಂದಾಗ, ಅತ್ತೆ ಯಾರೂ ಕರೆಯದೆ ಎದ್ದು ಬಂಡೆಯ ಮರೆಗೆ ಹೋಗಿ ನಿಂತಳು. ಹೇಳಲು ಬಾಯಿ ತೆರೆದಳು. ಅರವತ್ತು ವರ್ಷ ಯಾರೂ ಕರೆಯದ ತನ್ನ ಹೆಸರು ಅವಳಿಗೆ ಮರೆತೇಹೋಗಿತ್ತು. ಪಟ್ಟಿಯವರು ಕಾದರು, ನೆರಳು ತಿರುಗಿತು. ತಿಪ್ಪವ್ವ ಅವಳ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದಳು: "ಅತ್ತಿ, ನಿಮ್ಮವ್ವ ನಿಮಗ ಉಣ್ಣಾಕ ಏನಂತ ಕರೀತಿದ್ಳು?"

ಮುದುಕಿ ಹೊಳೆಯ ಕಡೆ ನೋಡುತ್ತ ನಿಂತಳು. ಆಮೇಲೆ ಹುಡುಗಿಯ ದನಿಯಲ್ಲಿ ಅಂದಳು: "ಬಂಗಾರೆವ್ವ."

ಆ ಹೊತ್ತಿನಲ್ಲಿ ಹೊಳೆಯ ಸದ್ದೇ ಅಡಗಿತ್ತು ಎನ್ನುತ್ತಾರೆ ಅಲ್ಲಿದ್ದವರು. ತಿಪ್ಪವ್ವ ತಾನೇ ಉಳಿ ಹಿಡಿದಳು. ಮುದುಕಿ ಅವಳ ತಂಬಿಗೆಗೆ ಕೈ ಚಾಚಿ ನೀರು ಕುಡಿದಳು.

ಹಿರೇಕೆಂಚಲ ಕ್ಷೇತ್ರ ಈಗ ಇಲ್ಲ. ಗಡಿಗಳನ್ನು ಮತ್ತೆ ಎಳೆದಾಗ ಅದನ್ನು ಮೂರು ಕಡೆ ಹಂಚಿದರು, ಸೋತವರ ಗೆದ್ದವರ ಹೆಸರು ಹಳೆಯ ಕಡತ ಸೇರಿತು. ಬಂದವರಿಗೆ ಇಂದಿಗೂ ಕಾಣುವುದು ಒಂದೇ ಅಳತೆಯ ಐವತ್ತೆರಡು ದುಂಡು ಬೊಟ್ಟು, ಅವುಗಳ ಕೆಳಗೆ ಸೊಟ್ಟಗಿನ ಇನ್ನೊಂದು. ತೊಂಬತ್ತು ದಾಟಿದ ತಿಪ್ಪವ್ವ ಮೇಲಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ದಡದ ಎರಡು ಹರಗೋಲು ಅವಳವು. ಅಕ್ಷರ ಕಲಿಯಲು ಮಾಸ್ತರರಿಂದ ಕೇಳಿ ಪಡೆದ, ಐವತ್ತೆರಡು ಹೆಸರು ಸೇರಿದ ಆ ವರ್ಷದ ಪಟ್ಟಿಯೂ ಅವಳದೇ. ಅವಳು ಮೊದಲು ಓದಿದ ಶಬ್ದ ಅದರಲ್ಲಿದ್ದ ತನ್ನ ಹೆಸರು, ಎರಡನೆಯದು ಅದರ ಪಕ್ಕದ್ದು, ಗಂಡನದು. ಇಷ್ಟಕ್ಕೆ ಏನು ಬೆಲೆ ಕೊಟ್ಟೆ ಅಜ್ಜಿ ಎಂದು ಕೇಳಿದವರಿಗೆ ಅವಳು ಬಂಡೆಯ ಮೇಲಿನ ಸಾಲು ತೋರಿಸುತ್ತಾಳೆ.

"ಆ ಐವತ್ತೆರಡು ಕೊರದ ಕೈ" ಎನ್ನುತ್ತಾಳೆ.